ಸ್ಥಿತಿಯಂತ್ರ ತಂತ್ರಾಂಶದಲ್ಲಿ ಘಟನೆಗಳ ಮತ್ತು ದೋಷಗಳ ವಿಚಾರ

ಚುನಾವಣೆಯ ದಿನ ಮತಗಟ್ಟೆಗೆ ಹೋದವರೆಲ್ಲರೂ ವಿದ್ಯುನ್ಮಾನ ಮತಯಂತ್ರವನ್ನು ಕಂಡವರೇ. ಬೆರಳಿಗೆ ಶಾಯಿ ಹಾಕಿಸಿಕೊಂಡ ಮತದಾರನು ಮರೆಯ ಹಿಂದಕ್ಕೆ ಹೋಗಿ ತನಗೆ ಬೇಕಾದ ಹೆಸರಿನ ಎದುರಿಗಿರುವ ನೀಲಿ ಗುಂಡಿಯನ್ನು ಒತ್ತುತ್ತಾನೆ; ಪಕ್ಕದಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ; ಕೊಂಚ ಹೊತ್ತಿನಲ್ಲಿ ನೀಳವಾದ ಒಂದು ಶಬ್ದ ಕೇಳಿಬರುತ್ತದೆ; ಮತ ದಾಖಲಾಯಿತೆಂದು ಅರ್ಥ. ಅದೇ ಮತದಾರನು ಅದೇ ಗುಂಡಿಯನ್ನು ಮರುಕ್ಷಣದಲ್ಲಿ ಹತ್ತು ಸಲ ಒತ್ತಿದರೂ ಏನೂ ಆಗುವುದಿಲ್ಲ. ಗುಂಡಿ ಅದೇ, ಬೆರಳೂ ಅದೇ. ಫಲ ಮಾತ್ರ ಬೇರೆ. ಗುಂಡಿ ಒತ್ತಿದಾಗ ತಾನು ಯಾವ ಸ್ಥಿತಿಯಲ್ಲಿದ್ದೆನೆಂಬುದನ್ನು ನೋಡಿಕೊಂಡೇ ಯಂತ್ರವು ಉತ್ತರ ಕೊಡುತ್ತದೆ. ಇಂಥ ಯಂತ್ರಕ್ಕೆ ಸ್ಥಿತಿಯಂತ್ರವೆಂದು ಹೆಸರು. ಹೊರಗಿನಿಂದ ಅದಕ್ಕೆ ಒದಗುವ ಪ್ರತಿಯೊಂದು ಪ್ರಚೋದನೆಯೂ ಒಂದು ಘಟನೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಮಣ. ಇಂಥ ಯಂತ್ರಗಳ ತಂತ್ರಾಂಶವನ್ನು ಬರೆಯುವಾಗ ಅಕಾಲದಲ್ಲಿ ಬಂದ ಘಟನೆಗಳನ್ನೂ ಒಳಗೆ ಹುಟ್ಟಿದ ದೋಷಗಳನ್ನೂ ಹೇಗೆ ನಡೆಸಿಕೊಳ್ಳತಕ್ಕದ್ದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದೆ.

ಶಾಸ್ತ್ರದ ದೃಷ್ಟಿಯಿಂದ ಈ ಕಲ್ಪನೆ ಹೊಸದೇನೂ ಅಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಮೀಲಿ 1955ರಲ್ಲಿಯೂ ಎಡ್ವರ್ಡ್ ಮೂರ್ 1956ರಲ್ಲಿಯೂ ಇದಕ್ಕೆ ಗಣಿತದ ರೂಪವನ್ನು ಕೊಟ್ಟರು. ಮೀಲಿಯ ಯಂತ್ರದಲ್ಲಿ ಹೊರಬರುವ ಫಲವು ಸ್ಥಿತಿ, ಘಟನೆ ಎರಡನ್ನೂ ಅವಲಂಬಿಸುತ್ತದೆ. ಮೂರನ ಯಂತ್ರದಲ್ಲಿ ಸ್ಥಿತಿಯೊಂದನ್ನೇ. ಆದರೆ ಈ ಭೇದ ನಮಗೆ ಇಲ್ಲಿ ಅಷ್ಟು ಮುಖ್ಯವಲ್ಲ. ಮುಖ್ಯವಾದುದು ಇಬ್ಬರೂ ಬಳಸಿದ ಕೋಷ್ಟಕ. ಎಡಗಡೆ ಮೇಲಿನಿಂದ ಕೆಳಕ್ಕೆ ಸ್ಥಿತಿಗಳನ್ನೂ, ಮೇಲ್ಗಡೆ ಅಡ್ಡಲಾಗಿ ಘಟನೆಗಳನ್ನೂ ಬರೆದು, ಅವು ಕೂಡುವ ಒಂದೊಂದು ಮನೆಯಲ್ಲಿಯೂ ಆಗತಕ್ಕ ಸಂಕ್ರಮಣವನ್ನು ತುಂಬುವುದು. ಗಣಿತಜ್ಞನ ಕೋಷ್ಟಕದಲ್ಲಿ ಖಾಲಿ ಮನೆಗೆ ಎಡೆಯಿಲ್ಲ. ಕ್ರಮವಿಧಿಕಾರನ ಕೋಷ್ಟಕವೇ ಬೇರೆ. ಮೇಲಕ್ಕೂ ಕೆಳಕ್ಕೂ ಓಡಾಡುವ ಲಿಫ್ಟೊಂದರ ನಿಯಂತ್ರಣವನ್ನು ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದರೆ, ಆರು ಸ್ಥಿತಿ, ಎಂಟು ಘಟನೆಗಳೆಂದು ಅವರು ಗುರುತಿಸಿಕೊಳ್ಳುತ್ತಾರೆ. ಅಲ್ಲಿಗೆ ನಲವತ್ತೆಂಟು ಮನೆಗಳಾದುವು. ಎಲ್ಲವೂ ಸರಾಗವಾಗಿ ನಡೆದರೆ ಯಂತ್ರವು ಹಾದುಹೋಗುವ ಕೆಲವು ಮನೆಗಳನ್ನು ತುಂಬಿ ಮಿಕ್ಕವನ್ನು ಬಿಳಿಯಾಗಿಯೇ ಬಿಡುವುದು ವಾಡಿಕೆ. ಬಾಗಿಲು ಮುಚ್ಚುತ್ತಿರುವಾಗ ವಿದ್ಯುತ್ತು ಹೋಗಿ ಬಂದರೆ? ಲಿಫ್ಟು ಎರಡು ಮಹಡಿಗಳ ನಡುವೆ ಇರುವಾಗ 'ಬಾಗಿಲು ತೆರೆ' ಎಂಬ ಗುಂಡಿಯನ್ನು ಯಾರಾದರೂ ಒತ್ತಿದರೆ? ಹಾಗೆ ಆಗುವುದಿಲ್ಲವೆಂಬ ಉತ್ತರ ಬರುತ್ತದೆ. ಆಗುವುದಿಲ್ಲವೆಂದು ಬಿಟ್ಟ ಮನೆಗೂ ಗಣಕಯಂತ್ರವು ಒಂದಲ್ಲ ಒಂದು ಅರ್ಥವನ್ನು ಹಚ್ಚಿಯೇ ತೀರುತ್ತದೆ. ಆ ಅರ್ಥವನ್ನು ನಿಶ್ಚಯಿಸಿದವರು ಯಾರೂ ಇರುವುದಿಲ್ಲ, ಅಷ್ಟೆ.

ಮತಯಂತ್ರವನ್ನು ಇನ್ನಷ್ಟು ನೋಡೋಣ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನೂ ತಯಾರಿಸುವ ಈ ಯಂತ್ರವು ಮೊತ್ತಮೊದಲು ಬಳಕೆಗೆ ಬಂದದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಅಧಿಕಾರಿಯ ಮುಂದೆ ನಿಯಂತ್ರಣ ಘಟಕ, ಮರೆಯ ಹಿಂದೆ ಮತದಾನ ಘಟಕ. ಅಧಿಕಾರಿಯು 'ಬ್ಯಾಲೆಟ್' ಗುಂಡಿಯನ್ನು ಒತ್ತಿದಾಗ ನಿಯಂತ್ರಣ ಘಟಕದಲ್ಲಿ 'ಬ್ಯುಸಿ' ಎಂಬ ಕೆಂಪು ದೀಪವೂ ಮತದಾನ ಘಟಕದಲ್ಲಿ ಸಿದ್ಧವೆಂದು ತಿಳಿಸುವ ಹಸಿರು ದೀಪವೂ ಹೊತ್ತುತ್ತವೆ. ಆ ಒಂದು ಸ್ಥಿತಿಯಲ್ಲಿ ಮಾತ್ರ ನೀಲಿ ಗುಂಡಿಗೆ ಬೆಲೆಯುಂಟು. ಒಂದು ಮತ ಬಿದ್ದೊಡನೆ ಯಂತ್ರವು ಬೀಗ ಹಾಕಿಕೊಂಡಂತೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಆಮೇಲಿನ ಒತ್ತುಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷವೆಂದು ಯಾರಿಗೂ ಸಾರುವುದಿಲ್ಲ. ಇದು ಯೋಚಿಸಿ ಮಾಡಿದ ಏರ್ಪಾಡು. ಗಾಬರಿಯಿಂದ ಎರಡು ಸಲ ಒತ್ತುವ ಮತದಾರರು ಎಲ್ಲೆಡೆಯೂ ಇದ್ದಾರೆ. ಅದಕ್ಕೆಲ್ಲ ಎಚ್ಚರಿಕೆಯ ಗಂಟೆ ಬಾರಿಸುತ್ತ ಹೋದರೆ ಮತಗಟ್ಟೆ ನಡೆಯುವುದಿಲ್ಲ.

ಅದೇ ಯಂತ್ರವು ಅಧಿಕಾರಿಯ ಗುಂಡಿಗಳ ವಿಷಯದಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ. ಹಿಂದಿನ ಲೆಕ್ಕವನ್ನು ಅಳಿಸಬೇಕಾದರೆ ಮೊದಲು 'ಕ್ಲೋಸ್', ಬಳಿಕ 'ರಿಸಲ್ಟ್', ಅನಂತರ 'ಕ್ಲಿಯರ್' ಎಂಬ ಕ್ರಮವಿದೆ. ಈ ಕ್ರಮವನ್ನು ಮೀರಿ 'ಕ್ಲಿಯರ್' ಒತ್ತಿದರೆ ಯಂತ್ರವು ಸುಮ್ಮನಿರದೆ 'ಇನ್‌ವ್ಯಾಲಿಡ್' ಎಂದು ಫಲಕದ ಮೇಲೆ ತೋರಿಸುತ್ತದೆ. ಅಧಿಕಾರಿಯು ತರಬೇತಿ ಪಡೆದವನು. ಅವನ ತಪ್ಪನ್ನು ಅವನಿಗೆ ತಿಳಿಸಬೇಕು, ಏಕೆಂದರೆ ಅವನು ಅದನ್ನು ಸರಿಪಡಿಸಬಲ್ಲ. ಅಕಾಲದ ಘಟನೆಗೆ ಮೌನವೋ ಮಾತೋ ಎಂಬ ಪ್ರಶ್ನೆಗೆ ಉತ್ತರವು ಆ ಘಟನೆಯನ್ನು ಕಳಿಸಿದವರು ಯಾರು, ಅವರಿಂದ ಮುಂದೆ ಏನಾಗಬೇಕು ಎಂಬುದನ್ನು ಅವಲಂಬಿಸಿದೆಯೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂದರ್ಭ ನನಗೆ ಬಹಳ ಸ್ವಾರಸ್ಯವಾಗಿ ಕಾಣುತ್ತದೆ. ಅಧಿಕಾರಿಯು 'ಬ್ಯಾಲೆಟ್' ಒತ್ತಿದ ಮೇಲೆ ಮತದಾರನು ಮನಸ್ಸು ಬದಲಿಸಿ ಮತ ಹಾಕದೆಯೇ ಹೊರಟುಹೋದನೆನ್ನಿ. ಇಲ್ಲಿ ಬಂದ ಘಟನೆಯೇನೂ ಇಲ್ಲ, ಬರಬೇಕಾದದ್ದು ಬರಲಿಲ್ಲ. ಯಂತ್ರವು ಕೆಂಪು ದೀಪವನ್ನು ಹೊತ್ತಿಸಿಕೊಂಡು ಕಾಯುತ್ತಲೇ ಇರುತ್ತದೆ, 'ಕ್ಲೋಸ್' ಗುಂಡಿಯೂ ಆ ಸ್ಥಿತಿಯಲ್ಲಿ ಕೆಲಸ ಮಾಡದು. ಮುಂದಿನ ಮತದಾರನಿದ್ದರೆ ಅವನನ್ನು ನೇರವಾಗಿ ಮರೆಯ ಹಿಂದಕ್ಕೆ ಕಳುಹಿಸತಕ್ಕದ್ದು. ಹೋದವನೇ ಕೊನೆಯ ಮತದಾರನಾಗಿದ್ದರೆ ನಿಯಂತ್ರಣ ಘಟಕದ ವಿದ್ಯುತ್ತನ್ನು ಆರಿಸಿ, ಮತದಾನ ಘಟಕದ ಸಂಪರ್ಕವನ್ನು ತಪ್ಪಿಸಿ, ಆಮೇಲೆ ಮತದಾನವನ್ನು ಮುಗಿಸತಕ್ಕದ್ದು. ಅಧಿಕಾರಿಗಳ ಕೈಪಿಡಿಯಲ್ಲಿ ಹೀಗೆ ಸ್ಪಷ್ಟವಾಗಿ ಬರೆದಿದೆ. ಯಂತ್ರದ ಕೋಷ್ಟಕದಲ್ಲಿ ಉಳಿದ ಒಂದು ಮನೆಯನ್ನು ಮನುಷ್ಯನ ಕೈಪಿಡಿ ತುಂಬಿದೆ. ಎಲ್ಲ ಮನೆಗಳನ್ನೂ ತಂತ್ರಾಂಶವೇ ತುಂಬಬೇಕೆಂಬ ಹಟವಿಲ್ಲ; ಆದರೆ ತುಂಬುವವರು ಯಾರೆಂಬುದು ಮೊದಲೇ ಗೊತ್ತಿರಬೇಕು. ಮನುಷ್ಯನು ಪಕ್ಕದಲ್ಲಿರದ ಯಂತ್ರಗಳಲ್ಲಿ ಕಾಲಾವಧಿಯನ್ನು ಗೊತ್ತುಮಾಡಿ, ಆ ಅವಧಿ ಮುಗಿಯುವುದನ್ನೇ ಒಂದು ಘಟನೆಯೆಂದು ಎಣಿಸುವುದು ರೂಢಿ. ಹಾಗೆ ಮಾಡದಿದ್ದರೆ ಬಾರದ ಘಟನೆಗೆ ಕೋಷ್ಟಕದಲ್ಲಿ ಕಂಬಸಾಲೇ ಇರುವುದಿಲ್ಲ.

ಕೋಷ್ಟಕವನ್ನು ಪೂರ್ತಿಯಾಗಿ ತುಂಬಿದ ಬರೆಹವೊಂದನ್ನು ನೋಡಬಯಸುವವರು ಟಿ.ಸಿ.ಪಿ. ಎಂಬ ಅಂತರಜಾಲದ ಸಂವಹನ ನಿಯಮಾವಳಿಯನ್ನು ಓದಬೇಕು. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಗಿ, 2022ರಲ್ಲಿ ಪರಿಷ್ಕೃತವಾಗಿ ಮತ್ತೆ ಹೊರಬಂದ ಈ ನಿಯಮಾವಳಿಯಲ್ಲಿ ಸಂಪರ್ಕವೊಂದಕ್ಕೆ ಹನ್ನೊಂದು ಸ್ಥಿತಿಗಳನ್ನು ಹೇಳಿದೆ. ಬಳಕೆದಾರ ಕ್ರಮವಿಧಿಯ ಕರೆಗಳು, ಆಚೆ ಕಡೆಯಿಂದ ಬರುವ ದತ್ತಾಂಶದ ತುಣುಕುಗಳು, ಕಾಲಾವಧಿ ಮುಗಿಯುವಿಕೆ ಎಂದು ಘಟನೆಗಳು ಮೂರು ಬಗೆ. ಪ್ರತಿಯೊಂದು ಘಟನೆಯನ್ನೂ ಎತ್ತಿಕೊಂಡು, ಸ್ಥಿತಿಯಿಂದ ಸ್ಥಿತಿಗೆ ನಡೆದು, ಇಂಥಲ್ಲಿ ಇಂಥದನ್ನು ಮಾಡತಕ್ಕದ್ದೆಂದು ಬರೆದಿದ್ದಾರೆ. ಓದಲು ನೀರಸ, ಆದರೆ ಆ ನೀರಸತೆಯೇ ಅದರ ಗುಣ. 'ಕಳುಹಿಸು' ಎಂಬ ಒಂದೇ ಕರೆಗೆ ಸಿಗುವ ಉತ್ತರಗಳನ್ನು ಗಮನಿಸಿ. ಸಂಪರ್ಕವೇ ಇಲ್ಲದ ಸ್ಥಿತಿಯಲ್ಲಿ ಕರೆದರೆ ಸಂಪರ್ಕವಿಲ್ಲವೆಂಬ ದೋಷಸೂಚನೆ ಬರುತ್ತದೆ. ಸಂಪರ್ಕವನ್ನು ಕೋರಿ ಉತ್ತರಕ್ಕಾಗಿ ಕಾಯುತ್ತಿರುವಾಗ ಕರೆದರೆ ದತ್ತಾಂಶವನ್ನು ಸರತಿಯಲ್ಲಿಟ್ಟು ಸಂಪರ್ಕ ಏರ್ಪಟ್ಟ ಮೇಲೆ ಕಳುಹಿಸುತ್ತಾರೆ. ಏರ್ಪಟ್ಟ ಸ್ಥಿತಿಯಲ್ಲಿ ಕರೆದರೆ ಆಗಲೇ ಕಳುಹಿಸುತ್ತಾರೆ. ಬಳಕೆದಾರನು ಸಂಪರ್ಕವನ್ನು ಮುಚ್ಚಲು ತೊಡಗಿದ ಮೇಲೆ ಕರೆದರೆ, ಸಂಪರ್ಕ ಮುಚ್ಚುತ್ತಿದೆಯೆಂಬ ಬೇರೊಂದು ದೋಷಸೂಚನೆ ಬರುತ್ತದೆ. ನಡೆಸು, ಕಾಯಿಸು, ನಿರಾಕರಿಸು ಎಂಬ ಮೂರೂ ಇಲ್ಲಿವೆ. ಮತಯಂತ್ರದಲ್ಲಿ ಕಂಡ ಮೌನವನ್ನು ಸೇರಿಸಿದರೆ ನಾಲ್ಕಾದುವು. ಯಾವ ಮನೆಯನ್ನಾದರೂ ಈ ನಾಲ್ಕರಲ್ಲೊಂದರಿಂದ ತುಂಬಬಹುದು. ಕಷ್ಟವಿರುವುದು ಯಾವುದರಿಂದ ಎಂಬಲ್ಲಿ.

ಟಿ.ಸಿ.ಪಿ.ಯ ಇನ್ನೊಂದು ಸೂಕ್ಷ್ಮವನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಇಲ್ಲದ ಸಂಪರ್ಕಕ್ಕೆ ಸೇರಿದ ತುಣುಕೇನಾದರೂ ಬಂದರೆ ಅದನ್ನು ಎಸೆದು, ಕಳುಹಿಸಿದವನಿಗೆ 'ರೀಸೆಟ್' ಎಂಬ ಸಂದೇಶವನ್ನು ಕಳುಹಿಸತಕ್ಕದ್ದು. ಆದರೆ ಬಂದ ತುಣುಕೇ ರೀಸೆಟ್ ಆಗಿದ್ದರೆ ಅದನ್ನು ಎಸೆದು ಸುಮ್ಮನಿರತಕ್ಕದ್ದು. ಈ ವಿನಾಯಿತಿ ಇಲ್ಲದಿದ್ದರೆ ಎರಡು ಯಂತ್ರಗಳು ಒಂದರ ದೋಷಸೂಚನೆಗೆ ಇನ್ನೊಂದು ದೋಷಸೂಚನೆಯನ್ನು ಕಳುಹಿಸುತ್ತ ಕೊನೆಯಿಲ್ಲದೆ ಕುಳಿತಿರುತ್ತಿದ್ದುವು.

ಮೌನವಾಗಿ ಬಿಡುವುದಕ್ಕೂ ಕಾಯಿಸಿ ಇಟ್ಟುಕೊಳ್ಳುವುದಕ್ಕೂ ಇರುವ ಅಂತರ ಕಾಗದದ ಮೇಲೆ ಸಣ್ಣದು. 1999ರ ಡಿಸೆಂಬರ್ 3ರಂದು ಮಂಗಳ ಗ್ರಹದ ದಕ್ಷಿಣ ಧ್ರುವಪ್ರದೇಶದ ಬಳಿ ಇಳಿಯಬೇಕಾಗಿದ್ದ ಅಮೆರಿಕದ 'ಮಾರ್ಸ್ ಪೋಲಾರ್ ಲ್ಯಾಂಡರ್' ನೌಕೆಯು ಆ ಅಂತರದಲ್ಲಿ ನಷ್ಟವಾಯಿತೆಂದು ತೋರುತ್ತದೆ. ನೌಕೆಗೆ ಮೂರು ಕಾಲುಗಳು. ಒಂದೊಂದು ಕಾಲಿಗೂ ನೆಲ ತಾಕಿತೆಂದು ತಿಳಿಸುವ ಒಂದೊಂದು ಸಂವೇದಕ. ನೆಲ ತಾಕಿದೊಡನೆ ಎಂಜಿನ್ನುಗಳನ್ನು ಆರಿಸಬೇಕು, ಇಲ್ಲವಾದರೆ ನೌಕೆ ಮಗುಚೀತು. ನೆಲದಿಂದ ಸುಮಾರು 1,500 ಮೀಟರು ಎತ್ತರದಲ್ಲಿ, ಮಡಿಸಿದ್ದ ಕಾಲುಗಳು ಬಿಚ್ಚಿಕೊಳ್ಳುತ್ತವೆ. ಆ ಜಗ್ಗಿಗೆ ಸಂವೇದಕಗಳು ಒಂದು ಕ್ಷಣ ನೆಲ ತಾಕಿತೆಂಬ ಹುಸಿ ಸೂಚನೆಯನ್ನು ಕೊಡಬಹುದೆಂಬುದು ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಗೊತ್ತಾಗಿತ್ತು. ಆದಕಾರಣ 40 ಮೀಟರು ಎತ್ತರಕ್ಕೆ ಇಳಿಯುವ ತನಕ ಸಂವೇದಕಗಳ ಮಾತನ್ನು ಬಳಸಕೂಡದೆಂದು ಮೇಲಣ ವಿನ್ಯಾಸದಲ್ಲಿ ಹೇಳಿತ್ತು. ಗಣಕದ ಕೆಲಸದ ಹೊರೆ ಏಕರೀತಿಯಾಗಿರಲೆಂದು ಸಂವೇದಕಗಳನ್ನು ಓದುವುದನ್ನು ಮಾತ್ರ ಮೊದಲಿನಿಂದಲೇ ಆರಂಭಿಸಿದ್ದರು.

ಕ್ರಮವಿಧಿ ಮಾಡಿದ್ದು ಇಷ್ಟು: ಹುಸಿ ಸೂಚನೆ ಬಂದಾಗ ಅದನ್ನು ಬಳಸಲಿಲ್ಲ, ಆದರೆ ತಾಕಿತೆಂಬ ಗುರುತನ್ನು ನೆನಪಿನಲ್ಲಿಟ್ಟುಕೊಂಡಿತು. 40 ಮೀಟರಿಗೆ ಬಂದು, ಸಂವೇದಕಗಳ ಮಾತನ್ನು ಕೇಳತಕ್ಕ ಸ್ಥಿತಿಯನ್ನು ಪ್ರವೇಶಿಸಿದೊಡನೆ, ಆ ಹಳೆಯ ಗುರುತು ಎದುರಿಗಿತ್ತು. ಎಂಜಿನ್ನುಗಳು ಆರಿದುವು. ಸೆಕೆಂಡಿಗೆ 2.4 ಮೀಟರು ವೇಗದಲ್ಲಿ ನೆಲ ಮುಟ್ಟಬೇಕಾದ ನೌಕೆ ಸುಮಾರು 22 ಮೀಟರು ವೇಗದಲ್ಲಿ ಅಪ್ಪಳಿಸಿರಬೇಕು. ನೌಕೆಯಿಂದ ಯಾವ ಸಂದೇಶವೂ ಬಾರದೆ ಹೋದುದರಿಂದ ಇದನ್ನು ಪ್ರತ್ಯಕ್ಷವಾಗಿ ಸಾಧಿಸಲಾಗದು. 2000ದಲ್ಲಿ ವರದಿ ಮಾಡಿದ ತಜ್ಞರ ಮಂಡಲಿಯು ಇದನ್ನು ಅತ್ಯಂತ ಸಂಭವನೀಯ ಕಾರಣವೆಂದು ನಿರ್ಣಯಿಸಿತು. ಹುಸಿ ಸೂಚನೆಯ ಸಂಗತಿಯು ತಂತ್ರಾಂಶಕಾರರ ಕೈಗೆ ಕೊಟ್ಟ ಅಪೇಕ್ಷಾಪಟ್ಟಿಯಲ್ಲಿ ಇರಲಿಲ್ಲವೆಂದೂ ಅದೇ ವರದಿ ಹೇಳುತ್ತದೆ. ಬಳಸಬೇಡವೆಂಬ ಮಾತನ್ನು ಓದಿದವರು 'ಈಗ ಬಳಸಬೇಡ' ಎಂದು ತಿಳಿದರು. ಬರೆದವರ ಅಭಿಪ್ರಾಯ 'ಮರೆತುಬಿಡು' ಎಂದಾಗಿತ್ತು. ಆ ಸ್ಥಿತಿಯನ್ನು ಪ್ರವೇಶಿಸುವಾಗ ಹಳೆಯ ಗುರುತನ್ನು ಅಳಿಸತಕ್ಕದ್ದೆಂಬ ಒಂದೇ ಒಂದು ಸಾಲು ಸಾಕಾಗಿತ್ತು. ಘಟನೆಗಳನ್ನು ಸರತಿಯಲ್ಲಿಟ್ಟುಕೊಳ್ಳುವ ಯಾವ ಕ್ರಮವಿಧಿಯಲ್ಲಿಯೂ ಈ ಪ್ರಶ್ನೆ ಏಳುತ್ತದೆ: ಕಾಯಿಸಿದ ಘಟನೆಯು ಎಷ್ಟು ಹೊತ್ತಿನ ತನಕ ನಿಜ?

ಇನ್ನು ದೋಷಗಳ ಮಾತು. ಇಲ್ಲಿಯವರೆಗೆ ಹೊರಗಿನಿಂದ ಬರುವ ಅಕಾಲದ ಘಟನೆಗಳನ್ನು ನೋಡಿದೆವು. ಯಂತ್ರವು ತನ್ನೊಳಗೇ ಕಂಡುಕೊಂಡ ತಪ್ಪೂ ಒಂದು ಘಟನೆಯೇ. ಅದಕ್ಕೂ ಕೋಷ್ಟಕದಲ್ಲಿ ಒಂದು ಕಂಬಸಾಲಿರಬೇಕು, ಪ್ರತಿಯೊಂದು ಸ್ಥಿತಿಯ ಎದುರಿಗೂ ಅದರ ಮನೆ ತುಂಬಿರಬೇಕು. ಇಲ್ಲಿ ಎರಡು ಸಂಪ್ರದಾಯಗಳಿವೆ. ದೂರವಾಣಿ ವ್ಯವಸ್ಥೆಗಳ ವಿವರಣೆಗಾಗಿ ಹುಟ್ಟಿದ ಎಸ್.ಡಿ.ಎಲ್. ಎಂಬ ಭಾಷೆಯಲ್ಲಿ, ಒಂದು ಸ್ಥಿತಿಯಲ್ಲಿ ಹೆಸರಿಸದ ಸಂಕೇತವೇನಾದರೂ ಬಂದರೆ ಅದು ಸದ್ದಿಲ್ಲದೆ ಕರಗಿಹೋಗುತ್ತದೆ. ಉಳಿಸಿಕೊಳ್ಳಬೇಕೆಂದರೆ ಹಾಗೆಂದು ಬರೆಯಬೇಕು. ಅದೇ ದೂರವಾಣಿ ಕ್ಷೇತ್ರದಲ್ಲಿ ಎರಿಕ್ಸನ್ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ಅರ್ಲಾಂಗ್ ಭಾಷೆಯ ವಾಡಿಕೆ ಇದಕ್ಕೆ ತೀರ ವಿರುದ್ಧ. ನಿರೀಕ್ಷಿಸದ ಘಟನೆ ಬಂದರೆ ಆ ಪ್ರಕ್ರಿಯೆ ಅಲ್ಲಿಯೇ ಬೀಳಲಿ. ಅದನ್ನು ನೋಡಿಕೊಳ್ಳಲೆಂದೇ ಇರುವ ಮೇಲ್ವಿಚಾರಕ ಪ್ರಕ್ರಿಯೆಯೊಂದು ಅದನ್ನು ಶುದ್ಧವಾದ ಮೊದಲ ಸ್ಥಿತಿಯಿಂದ ಪುನಃ ಎಬ್ಬಿಸುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಮೌನದಲ್ಲಿ ಮುಚ್ಚಿಹೋದ ದೋಷ ವರ್ಷಗಟ್ಟಲೆ ಒಳಗೇ ಇರಬಲ್ಲುದು. ಬಿದ್ದ ಪ್ರಕ್ರಿಯೆ ಕಣ್ಣಿಗೆ ಬೀಳುತ್ತದೆ. ಆದರೆ ಬೀಳಲಿ ಎನ್ನಬೇಕಾದರೆ ಎತ್ತುವವನು ಇರಬೇಕು, ಬಿದ್ದವನ ಕೆಲಸ ಮತ್ತೊಮ್ಮೆ ಆರಂಭಿಸಲು ಬರುವಂಥದ್ದಾಗಿರಬೇಕು.

ಎತ್ತುವವನಿಲ್ಲದೆ ಬಿದ್ದುದಕ್ಕೆ ದೃಷ್ಟಾಂತ, 1996ರ ಜೂನ್ 4ರಂದು ಹಾರಿದ ಯೂರೋಪಿನ ಏರಿಯಾನ್-5 ರಾಕೆಟ್ಟು. ನೆಲದ ಮೇಲಿರುವಾಗ ದಿಕ್ಕನ್ನು ಹೊಂದಿಸುವ ಒಂದು ಭಾಗವು, ಹಾರಿದ ಮೇಲೆ ಯಾವ ಉಪಯೋಗವೂ ಇಲ್ಲದಿದ್ದರೂ, ಹಿಂದಿನ ಏರಿಯಾನ್-4ರಿಂದ ಬಂದ ಪದ್ಧತಿಯಂತೆ ಸುಮಾರು 40 ಸೆಕೆಂಡು ನಡೆಯುತ್ತಲೇ ಇತ್ತು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಒಂದು ಸಂಖ್ಯೆ 16 ಬಿಟ್ಟುಗಳ ಜಾಗದಲ್ಲಿ ಹಿಡಿಯದೆ ಉಕ್ಕಿತು. ಅದಕ್ಕೆ ಮನೆ ತುಂಬಿರಲಿಲ್ಲ. ದಿಕ್ಕು ತಿಳಿಸುವ ಗಣಕ ನಿಂತಿತು. ಜೊತೆಯ ಗಣಕವೂ ಅದೇ ತಂತ್ರಾಂಶದ್ದಾದ್ದರಿಂದ ಅದೇ ಕಾರಣಕ್ಕೆ ನಿಂತಿತ್ತು. ನಿಲ್ಲುವಾಗ ಅದು ಕಳುಹಿಸಿದ ದೋಷವರದಿಯ ಅಂಕಿಗಳನ್ನು ಮುಖ್ಯ ಗಣಕವು ಹಾರಾಟದ ಅಂಕಿಗಳೆಂದೇ ಓದಿಕೊಂಡು ರಾಕೆಟ್ಟನ್ನು ಹೊರಳಿಸಿತು. ದೋಷಸೂಚನೆಯನ್ನು ಕಳುಹಿಸಿದ್ದೇನೋ ನಿಜ, ಆದರೆ ಪಡೆಯುವವನ ಕೋಷ್ಟಕದಲ್ಲಿ ಅಂಥ ಘಟನೆಯೇ ಇರಲಿಲ್ಲ.

ದೋಷದ ಕಂಬಸಾಲನ್ನು ಪ್ರತಿಯೊಂದು ಸ್ಥಿತಿಗೂ ಬೇರೆಬೇರೆಯಾಗಿ ತುಂಬುವುದು ಬೇಸರದ ಕೆಲಸವೆಂಬುದು ನಿಜ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಸ್ಥಿತಿಚಿತ್ರಗಳ ಪದ್ಧತಿ ಇದಕ್ಕೊಂದು ಉಪಾಯವನ್ನು ಒದಗಿಸಿತು. ಯುದ್ಧವಿಮಾನವೊಂದರ ವಿನ್ಯಾಸದಲ್ಲಿ ತೊಡಗಿದ್ದ ಎಂಜಿನಿಯರುಗಳಿಗೆ ಸಲಹೆಗಾರರಾಗಿ ಹೋಗಿದ್ದ ಅವರು, ಇಂಥ ಸಂದರ್ಭದಲ್ಲಿ ಈ ಗುಂಡಿಯನ್ನು ಒತ್ತಿದರೆ ಏನಾಗುತ್ತದೆಂದು ಕೇಳಿದಾಗ, ದಪ್ಪ ದಪ್ಪ ಸಂಪುಟಗಳ ನಡುವೆ ಉತ್ತರ ಸಿಕ್ಕುವುದು ಕಷ್ಟವಾಗುತ್ತಿತ್ತಂತೆ. ಅವರ ಪದ್ಧತಿಯಲ್ಲಿ ಸ್ಥಿತಿಯೊಳಗೆ ಸ್ಥಿತಿಗಳನ್ನು ಇಡಬಹುದು. 'ಚಲಿಸುತ್ತಿದೆ' ಎಂಬ ದೊಡ್ಡ ಸ್ಥಿತಿಯೊಳಗೆ 'ಮೇಲಕ್ಕೆ', 'ಕೆಳಕ್ಕೆ' ಎಂಬ ಚಿಕ್ಕ ಸ್ಥಿತಿಗಳು. ವಿದ್ಯುತ್ತು ಹೋದರೆ ಮಾಡತಕ್ಕದ್ದನ್ನು ಹೊರಗಿನ ಸ್ಥಿತಿಗೆ ಒಂದೇ ಸಲ ಬರೆದರೆ ಒಳಗಿನವಕ್ಕೆಲ್ಲ ಅದು ಅನ್ವಯಿಸುತ್ತದೆ. ಶ್ರಮ ಉಳಿಯುತ್ತದೆ, ಜೊತೆಗೆ ಒಂದು ಅಪಾಯವೂ ಬರುತ್ತದೆ. ಒಳಗಿನ ಸ್ಥಿತಿಯೊಂದಕ್ಕೆ ಬೇರೆ ಉತ್ತರ ಬೇಕಾಗಿದ್ದರೂ ಹೊರಗಿನದೇ ಅಲ್ಲಿಗೂ ಹರಿದುಬಂದು ಮನೆ ತುಂಬಿದಂತೆ ಕಾಣುತ್ತದೆ. ಆದುದರಿಂದ ಚಿತ್ರ ಬರೆದಾದ ಮೇಲೂ ಒಮ್ಮೆ ಬಿಡಿಬಿಡಿಯಾಗಿ ಹರಡಿ ಓದುವುದು ಕ್ಷೇಮ.

ದೋಷವನ್ನು ಕಂಡುಹಿಡಿದರೂ ಅದನ್ನು ನಡೆಸಿಕೊಂಡ ರೀತಿಯಿಂದ ಮನುಷ್ಯರ ಪ್ರಾಣ ಹೋದ ಪ್ರಕರಣ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ್ದು. ಕೆನಡದ ಪರಮಾಣುಶಕ್ತಿ ಸಂಸ್ಥೆಯೊಂದು ತಯಾರಿಸಿದ ಈ ಯಂತ್ರವು 1985ರ ಜೂನಿನಿಂದ 1987ರ ಜನವರಿಯವರೆಗೆ ಕೆನಡ ಮತ್ತು ಅಮೆರಿಕಗಳಲ್ಲಿ ಆರು ಮಂದಿ ರೋಗಿಗಳಿಗೆ ಅಪಾರವಾದ ಅಧಿಕ ವಿಕಿರಣವನ್ನು ಕೊಟ್ಟಿತು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಈ ಪ್ರಕರಣವನ್ನು ವಿವರವಾಗಿ ಪರಿಶೀಲಿಸಿ ಬರೆದರು. ಯಂತ್ರವು ಎರಡು ರೀತಿಯಲ್ಲಿ ಕೆಲಸ ಮಾಡುತ್ತಿತ್ತು: ಕಡಿಮೆ ಪ್ರಮಾಣದ ಎಲೆಕ್ಟ್ರಾನು ಕಿರಣ, ಇಲ್ಲವೆ ಬಹಳ ಪ್ರಬಲವಾದ ಕಿರಣವನ್ನು ಲೋಹದ ಗುರಿಗೆ ಬಡಿಸಿ ಪಡೆದ ಎಕ್ಸ್ ಕಿರಣ. ತಿರುಗುವ ಒಂದು ತಟ್ಟೆಯು ಆಯಾ ರೀತಿಗೆ ತಕ್ಕ ಸಲಕರಣೆಯನ್ನು ಕಿರಣದ ಹಾದಿಗೆ ತಂದು ನಿಲ್ಲಿಸಬೇಕು. ಹಿಂದಿನ ಥೆರಾಕ್-20ರಲ್ಲಿ ಇದನ್ನು ಕಾಯಲು ತಂತ್ರಾಂಶದಿಂದ ಬೇರೆಯಾದ ಯಾಂತ್ರಿಕ ಕಟ್ಟುಗಳಿದ್ದುವು. ಹೊಸದರಲ್ಲಿ ಆ ಹೊಣೆಯನ್ನು ತಂತ್ರಾಂಶಕ್ಕೇ ವಹಿಸಿದರು. ತಂತ್ರಾಂಶವಾದರೋ ಒಂದು ಸ್ಥಿತಿಯಂತ್ರ. ಚಿಕಿತ್ಸೆಯ ಹಂತವನ್ನು ಸೂಚಿಸುವ ಒಂದು ಚರಾಂಕದ ಬೆಲೆಯನ್ನು ನೋಡಿ ಅದು ಎಂಟು ಉಪಕ್ರಮಗಳಲ್ಲೊಂದನ್ನು ನಡೆಸುತ್ತಿತ್ತು.

1986ರ ಮಾರ್ಚ್ 21ರಂದು ಟೆಕ್ಸಸ್ಸಿನ ಟೈಲರ್ ಎಂಬಲ್ಲಿ ಯಂತ್ರ ನಡೆಸುವಾಕೆಯು ಎಲೆಕ್ಟ್ರಾನಿನ ಬದಲು ಎಕ್ಸ್ ಕಿರಣವೆಂದು ತಪ್ಪಾಗಿ ಒತ್ತಿ, ಕೂಡಲೆ ಮೇಲಕ್ಕೆ ಹೋಗಿ ತಿದ್ದಿದಳು. ಆಕೆ ಚುರುಕಿನ ಕೈಯವಳು. ಕಿರಣವನ್ನು ಬಾಗಿಸುವ ಅಯಸ್ಕಾಂತಗಳನ್ನು ಸಜ್ಜುಗೊಳಿಸಲು ಯಂತ್ರಕ್ಕೆ ಸುಮಾರು 8 ಸೆಕೆಂಡು ಬೇಕು. ತಿದ್ದುಪಡಿ ಆ ಅವಧಿಯೊಳಗೆ ಬಿತ್ತು. ಆ ಅವಧಿಯಲ್ಲಿ ಯಾರಾದರೂ ತಿದ್ದಿದರೇ ಎಂದು ನೋಡುವ ಏರ್ಪಾಡೇನೋ ಇತ್ತು. ಆದರೆ ಮೊದಲನೆಯ ಅಯಸ್ಕಾಂತವಾದ ಮೇಲೆ ಅದಕ್ಕೆ ಸಂಬಂಧಿಸಿದ ಗುರುತು ಅಳಿಸಿಹೋಗಿ, ಮುಂದಿನವಕ್ಕೆ ಯಾರೂ ನೋಡುತ್ತಿರಲಿಲ್ಲ. ಪರದೆ ತಿದ್ದಿದ್ದನ್ನೇ ತೋರಿಸಿತು. ತಟ್ಟೆ ಎಲೆಕ್ಟ್ರಾನಿನ ಸ್ಥಾನಕ್ಕೆ ತಿರುಗಿತು. ಕಿರಣದ ಪ್ರಾಬಲ್ಯ ಮಾತ್ರ ಎಕ್ಸ್ ಕಿರಣದ್ದೇ ಉಳಿಯಿತು.

ಆಗ ಯಂತ್ರವು ಏನೋ ತಪ್ಪಿತೆಂದು ಕಂಡುಕೊಂಡಿತು. ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂದು ಬಂತು. ಕೇಳಿದ್ದ 202 ಮಾನಗಳಲ್ಲಿ 6 ಮಾತ್ರ ಕೊಟ್ಟಿದೆಯೆಂದು ಅಂಕಿ ತೋರಿಸಿತು. ಆ ಸಂಖ್ಯೆಗೆ ಕೈಪಿಡಿಯಲ್ಲಿ ಅರ್ಥವಿರಲಿಲ್ಲ. ಪ್ರಮಾಣ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎಂಬುದು ಅದರ ಇಂಗಿತವೆಂದು ಆಮೇಲೆ ತಿಳಿದುಬಂತು. ಎರಡಕ್ಕೂ ಒಂದೇ ಸಂಖ್ಯೆ. ಇದಕ್ಕಿಂತಲೂ ಗಂಭೀರವಾದುದು ಮುಂದಿನ ಸ್ಥಿತಿಯ ಆಯ್ಕೆ. ಯಂತ್ರಕ್ಕೆ ಎರಡು ದೋಷಸ್ಥಿತಿಗಳಿದ್ದುವು. ಒಂದು ಅಮಾನತ್ತು: ಎಲ್ಲವನ್ನೂ ಮೊದಲಿನಿಂದ ತುಂಬಿ ಆರಂಭಿಸಬೇಕು. ಇನ್ನೊಂದು ವಿರಾಮ: 'ಪಿ' ಎಂಬ ಒಂದೇ ಕೀಲಿಯನ್ನು ಒತ್ತಿದರೆ ಚಿಕಿತ್ಸೆ ಮುಂದುವರಿಯುತ್ತದೆ, ಹೀಗೆ ಐದು ಸಲದವರೆಗೆ. ವಿಕಿರಣದ ಪ್ರಮಾಣದಲ್ಲಿಯೇ ತಪ್ಪಾಗಿದೆಯೆಂಬ ಈ ಘಟನೆಗೆ ಕೊಟ್ಟಿದ್ದ ಉತ್ತರ ಎರಡನೆಯದು. ಕೆಲವು ಆಸ್ಪತ್ರೆಗಳಲ್ಲಿ ದಿನಕ್ಕೆ ನಲವತ್ತರಷ್ಟು ಸಲ ಇಂಥ ಪ್ರಮಾಣದೋಷಗಳು ಬಂದು ಹೋಗುತ್ತಿದ್ದ ದಿನಗಳೂ ಇದ್ದುವು. ಕೀಲಿ ಒತ್ತಿ ಮುಂದೆ ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು. ಆಕೆ 'ಪಿ' ಒತ್ತಿದಳು. ಒಳಗೆ ಮಲಗಿದ್ದ ರೋಗಿ ಮೊದಲ ಹೊಡೆತಕ್ಕೆ ಏಳಲು ಯತ್ನಿಸುತ್ತಿದ್ದವನು ಎರಡನೆಯ ಹೊಡೆತವನ್ನೂ ಉಂಡು ಬಾಗಿಲನ್ನು ಬಡಿದನು. ಕೊಡಬೇಕಾಗಿದ್ದುದು 180 ರ್‍ಯಾಡ್. ಒಂದು ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಅವನ ದೇಹದ ಒಂದು ಸಣ್ಣ ಭಾಗಕ್ಕೆ ತಗಲಿದ್ದು 16,500ರಿಂದ 25,000 ರ್‍ಯಾಡ್ ಎಂದು ಅನಂತರ ಅಂದಾಜು ಮಾಡಿದರು. ಐದು ತಿಂಗಳಲ್ಲಿ ಅವನು ತೀರಿಕೊಂಡನು. ಏಪ್ರಿಲ್ 11ರಂದು ಅದೇ ಯಂತ್ರದಲ್ಲಿ ಅದೇ ತಿದ್ದುಪಡಿ, ಅದೇ ಸಂಖ್ಯೆ. ಆ ರೋಗಿ ಮೂರು ವಾರಗಳಲ್ಲಿ ತೀರಿಕೊಂಡನು. ಅನಂತರವೇ ಆ ಆಸ್ಪತ್ರೆಯ ಭೌತವಿಜ್ಞಾನಿಯೂ ಯಂತ್ರ ನಡೆಸುವಾಕೆಯೂ ಜೊತೆಯಾಗಿ ಕುಳಿತು, ಎಷ್ಟು ಬೇಗ ತಿದ್ದಿದರೆ ಆ ಸಂಖ್ಯೆ ಬರುತ್ತದೆಂಬುದನ್ನು ತಾವೇ ಕಂಡುಕೊಂಡರು. ಇಷ್ಟೇ ಅಲ್ಲ, ಇದೇ ತಪ್ಪು ಥೆರಾಕ್-20ರ ತಂತ್ರಾಂಶದಲ್ಲಿಯೂ ಇತ್ತೆಂದು ಗೊತ್ತಾಯಿತು; ಅಲ್ಲಿ ಯಾಂತ್ರಿಕ ಕಟ್ಟುಗಳಿದ್ದುದರಿಂದ ಫ್ಯೂಸು ಸುಟ್ಟುಹೋಗುತ್ತಿತ್ತು, ಅಷ್ಟೆ.

1987ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ನಡೆದ ಕೊನೆಯ ಅಪಘಾತದ ಕಾರಣ ಬೇರೆ. ತಟ್ಟೆ ಸರಿಯಾದ ಸ್ಥಾನದಲ್ಲಿಲ್ಲವಾದರೆ ಅದನ್ನು ಪರೀಕ್ಷಿಸಬೇಕೆಂದು ಸೂಚಿಸುವ ಒಂದು ಚರಾಂಕವಿತ್ತು. ಸೊನ್ನೆಯಾದರೆ ಪರೀಕ್ಷೆ ಬೇಡ, ಬೇರೇನಾದರೂ ಆದರೆ ಬೇಕು. ಕ್ರಮವಿಧಿಯು ಆ ಉಪಕ್ರಮವನ್ನು ಸುತ್ತಿ ಬಂದಾಗಲೆಲ್ಲ ಅದಕ್ಕೆ ಒಂದೊಂದು ಕೂಡಿಸುತ್ತಿತ್ತು. ಎಂಟು ಬಿಟ್ಟುಗಳ ಜಾಗ. 255ಕ್ಕೆ ಒಂದು ಕೂಡಿದರೆ ಮತ್ತೆ ಸೊನ್ನೆ. ಪ್ರತಿ 256ನೆಯ ಸುತ್ತಿನಲ್ಲಿ, ಒಂದು ಕ್ಷಣಮಾತ್ರ, ಯಂತ್ರವು ದೋಷವಿಲ್ಲವೆಂದು ನಂಬಿಕೊಳ್ಳುತ್ತಿತ್ತು. ಆ ಕ್ಷಣದಲ್ಲಿಯೇ ಕೀಲಿ ಒತ್ತಿದರೆ ಪರೀಕ್ಷೆ ತಪ್ಪಿಹೋಗುತ್ತಿತ್ತು.

ಆ ವರ್ಷ ತಯಾರಕರು ಒಪ್ಪಿಸಿದ ತಿದ್ದುಪಡಿಯ ಯೋಜನೆಯಲ್ಲಿ ಹಲವು ಅಂಶಗಳಿವೆ. ತಂತ್ರಾಂಶವನ್ನು ನೆಚ್ಚದೆ ಕಿರಣವನ್ನು ತಾನೇ ನಿಲ್ಲಿಸುವ ಯಾಂತ್ರಿಕ ಏರ್ಪಾಡನ್ನು ಸೇರಿಸಿದರು. ಅರ್ಥವಾಗದ ಸಂಖ್ಯೆಗಳ ಬದಲು ಅರ್ಥವಾಗುವ ಮಾತುಗಳನ್ನು ಪರದೆಗೆ ತರುವುದೆಂದಾಯಿತು. ಪ್ರಮಾಣಕ್ಕೆ ಸಂಬಂಧಿಸಿದ ಯಾವ ಅಡಚಣೆಯಾದರೂ ಇನ್ನು ಮುಂದೆ ವಿರಾಮಕ್ಕೆ ಹೋಗದೆ ಅಮಾನತ್ತಿಗೇ ಹೋಗತಕ್ಕದ್ದು. ಎಲ್ಲ ವಿವರಗಳನ್ನೂ ಮತ್ತೆ ತುಂಬದೆ ಯಂತ್ರವನ್ನು ನಡೆಸಲು ಬಿಡತಕ್ಕದ್ದಲ್ಲ. ಯಾಕಿಮಾದ ತಪ್ಪಿಗೆ ಮಾಡಿದ ತಿದ್ದುಪಡಿ ಎಲ್ಲಕ್ಕಿಂತ ಚಿಕ್ಕದು: ಆ ಚರಾಂಕಕ್ಕೆ ಸುತ್ತು ಸುತ್ತಿಗೂ ಒಂದು ಕೂಡಿಸುವ ಬದಲು, ಪ್ರತಿ ಸಲವೂ ಸೊನ್ನೆಯಲ್ಲದ ಒಂದು ಗೊತ್ತಾದ ಬೆಲೆಯನ್ನು ಬರೆಯುವುದು.